ಕೋಡ್ ಜನರೇಟರ್‌ಗೆ ಸಲ್ಲಿಸಿದ ಬಿನ್ನವತ್ತಳೆ

ಕೆರೆ ಕಟ್ಟಿಸಿದವರಿಗೆ ಶಾಸನವುಂಟು, ಅರವಟ್ಟಿಗೆ ಇಟ್ಟವರಿಗೆ ಪುಣ್ಯವುಂಟು, ಸಮ್ಮೇಳನದ ವೇದಿಕೆಯಲ್ಲಿ ಎರಡು ಮಾತಾಡಿ ಇಳಿದವರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿಯುಂಟು. ಹೀಗಿರುವಾಗ, ಮನುಷ್ಯಕುಲವನ್ನು ಯೋಚನೆಯೆಂಬ ಪುರಾತನ ಕಷ್ಟದಿಂದ ಬಿಡಿಸಲು ದಶಕಗಳಿಂದ ಹಗಲಿರುಳು ದುಡಿಯುತ್ತಿರುವ, ವಾರ್ಷಿಕ ಲೈಸೆನ್ಸ್ ಶುಲ್ಕವೊಂದನ್ನು ಬಿಟ್ಟರೆ ಪ್ರತಿಫಲವಾಗಿ ಮತ್ತೇನನ್ನೂ ಬಯಸದ, ಡೊಮೈನ್ ಮಾಡೆಲ್ ಒಂದರಿಂದ ಹಲವು ಭಾಷೆಗಳ ವೆಬ್ ಅಪ್ಲಿಕೇಶನ್‌ಗಳನ್ನು ಒಂದೇ ಏಟಿಗೆ ಹೆತ್ತುಕೊಡುವ ಕೋಡ್ ಜನರೇಟರ್ ಎಂಬ ಮಹಾಯಂತ್ರಕ್ಕೆ ಕನ್ನಡದಲ್ಲಿ ಒಂದು ಬಿನ್ನವತ್ತಳೆಯೂ ಸಲ್ಲದೆ ಉಳಿದಿರುವುದು ನಾಡಿಗೆ ಶೋಭೆಯಲ್ಲ. ಆ ಕೊರತೆಯನ್ನು ನೀಗುವ ಭಾಗ್ಯ ಈ ಬರಹದ ಪಾಲಿಗೆ ಬಂದಿದೆ.

ಯಂತ್ರದ ಕಾರ್ಯವಿಧಾನ ಬಹು ಸರಳ; ಸರಳತೆ ದೊಡ್ಡವರ ಲಕ್ಷಣವಷ್ಟೆ. ಆಸ್ಪತ್ರೆಯಿರಲಿ, ಬ್ಯಾಂಕಿರಲಿ, ಭೂದಾಖಲೆಯಿರಲಿ, ಅಲ್ಲಿರುವ ಸಂಗತಿಗಳಿಗೆಲ್ಲ ಒಂದೊಂದು ಚೌಕ ಬರೆಯಬೇಕು. ಚೌಕದೊಳಗೆ ಗುಣಗಳ ಪಟ್ಟಿ ಮಾಡಬೇಕು: ಹೆಸರು ಎಂದರೆ ಅಕ್ಷರ, ವಯಸ್ಸು ಎಂದರೆ ಪೂರ್ಣಾಂಕ, ಮೊತ್ತ ಎಂದರೆ ದಶಮಾಂಶ. ಚೌಕದಿಂದ ಚೌಕಕ್ಕೆ ಗೆರೆ ಎಳೆದು, ತುದಿಯಲ್ಲಿ ಒಂದು ಅಂಕಿಯನ್ನೋ ನಕ್ಷತ್ರವನ್ನೋ ಇಟ್ಟರೆ ಲೋಕದ ಸಂಬಂಧಗಳೂ ಇತ್ಯರ್ಥವಾದವು. ಆಮೇಲೆ ಗುಂಡಿ ಒತ್ತುವುದೊಂದೇ ಕೆಲಸ. ಡೇಟಾಬೇಸಿನ ಟೇಬಲ್‌ಗಳು, ಸರ್ವರ್ ಕೋಡು, ಎಪಿಐ, ಸ್ಕ್ರೀನುಗಳು ಎಲ್ಲವೂ ಜಾವಾ, ಸಿ ಶಾರ್ಪ್, ಪೈಥಾನ್, ಪಿಎಚ್‌ಪಿ, ಜಾವಾಸ್ಕ್ರಿಪ್ಟ್ ಎಂಬ ಐದೂ ಭಾಷೆಗಳಲ್ಲಿ ಪ್ರತ್ಯಕ್ಷವಾಗುತ್ತವೆ. ಗಿರಾಕಿ ಕೇಳಿದ್ದು ಒಂದೇ ಭಾಷೆಯಲ್ಲಿ ಎಂಬ ಸಣ್ಣ ಮಾತನ್ನು ಯಂತ್ರ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಒಂದು ಕೇಳಿದವನಿಗೆ ಐದು ಕೊಡುವ ದಾನಶೂರರು ಪುರಾಣದಲ್ಲೂ ಅಪರೂಪ.

ಇದರ ವಂಶಾವಳಿಯನ್ನು ಹೇಳದೆ ಮುಂದೆ ಹೋಗುವುದು ಅಗೌರವವಾದೀತು. 1959ರಲ್ಲಿ ಅಮೆರಿಕದ ಸಮಿತಿಯೊಂದು ಕೋಬಾಲ್ ಭಾಷೆಯನ್ನು ರೂಪಿಸಲು ಕೂತಾಗಲೇ, ಇನ್ನು ಮುಂದೆ ಪ್ರೋಗ್ರಾಮುಗಳನ್ನು ಮ್ಯಾನೇಜರುಗಳೂ ಓದಿ ತಿಳಿಯಬಲ್ಲರು ಎಂಬ ಮಂಗಳಕರ ಆಶಯ ಹುಟ್ಟಿತ್ತು. 1981ರಲ್ಲಿ ಬ್ರಿಟನ್ನಿನಲ್ಲಿ ಪ್ರೋಗ್ರಾಮುಗಳನ್ನು ತಾನೇ ಬರೆಯುವ ಪ್ರೋಗ್ರಾಮೊಂದು ಮಾರಾಟಕ್ಕೆ ಬಂತು. ಇದಾದ ಮೇಲೆ ಯಾರೂ ಪ್ರೋಗ್ರಾಮ್ ಬರೆಯಬೇಕಾಗಿಲ್ಲ ಎಂಬ ಖಾತ್ರಿಯಿಂದ ಅದಕ್ಕೆ 'ದಿ ಲಾಸ್ಟ್ ಒನ್' ಎಂದೇ ನಾಮಕರಣವಾಗಿತ್ತು. ಅದೇ ಹೊತ್ತಿಗೆ ಜೇಮ್ಸ್ ಮಾರ್ಟಿನ್ ಎಂಬ ಮಹನೀಯರು ಪ್ರೋಗ್ರಾಮರುಗಳಿಲ್ಲದೆ ಅಪ್ಲಿಕೇಶನ್ ಕಟ್ಟುವುದರ ಬಗ್ಗೆ ಒಂದು ಇಡೀ ಪುಸ್ತಕ ಬರೆದರು. 1989ರಲ್ಲಿ ಐಬಿಎಂ 'ಎಡಿ/ಸೈಕಲ್' ಎಂಬ ಮಹಾಯೋಜನೆಯನ್ನು ಘೋಷಿಸಿತು. 1997ರಲ್ಲಿ ಬೂಚ್, ರಂಬಾ, ಜೇಕಬ್ಸನ್ ಎಂಬ ತ್ರಿಮೂರ್ತಿಗಳ ತಪಸ್ಸಿನಿಂದ ಯುಎಂಎಲ್ ಎಂಬ ಚಿತ್ರಭಾಷೆ ಪಟ್ಟಕ್ಕೇರಿತು. 2001ರಲ್ಲಿ ಒಎಂಜಿ ಎಂಬ ಸಂಸ್ಥೆ ಎಂಡಿಎ ಎಂಬ ಬಾವುಟವನ್ನು ಹಾರಿಸಿ, ಮಾಡೆಲ್ ಒಂದಿದ್ದರೆ ಸಾಕು, ಕೋಡು ತಾನಾಗಿ ಹರಿದುಬರುವುದೆಂದು ಸಾರಿತು. ಉರುಗ್ವೆಯ ಜೆನೆಕ್ಸಸ್, ಮಿಲಾನಿನ ಪಾಲಿಟೆಕ್ನಿಕ್‌ನಲ್ಲಿ ಹುಟ್ಟಿದ ವೆಬ್‌ಎಂಎಲ್, ನೆದರ್ಲೆಂಡ್ಸಿನ ಡೆಲ್ಫ್ಟ್‌ನ ವೆಬ್‌ಡಿಎಸ್‌ಎಲ್, 2013ರಿಂದ ಈಚೆಗೆ ಜೆಹಿಪ್‌ಸ್ಟರ್, ಹೀಗೆ ಶಾಖೋಪಶಾಖೆಗಳಾಗಿ ಈ ವಂಶ ಹಬ್ಬಿದೆ.

ಕೊನೆಯ ಪ್ರೋಗ್ರಾಮರ್ ಮನೆಗೆ ಹೋಗುವ ದಿನವನ್ನು ಈ ವಂಶದವರು ಪ್ರತಿ ತಲೆಮಾರಿನಲ್ಲೂ ಒಂದೇ ಶ್ರದ್ಧೆಯಿಂದ ಪ್ರಕಟಿಸುತ್ತ ಬಂದಿದ್ದಾರೆ. ಆಡಿದ ಮಾತು ನಡೆಯಲಿಲ್ಲವೆಂದು ಮಾತು ಬದಲಿಸುವ ಚಂಚಲರೇ ತುಂಬಿರುವ ಈ ಕಾಲದಲ್ಲಿ, ಅರುವತ್ತು ವರ್ಷಗಳಿಗೂ ಮೀರಿ ಒಂದೇ ಮಾತಿಗೆ ನಿಂತ ಸತ್ಯಸಂಧರನ್ನು ಬೇರೆಲ್ಲಿ ತೋರಿಸಬಲ್ಲಿರಿ? ಆ ಘೋಷಣೆಗಳ ನಡುವೆ ಪ್ರೋಗ್ರಾಮರುಗಳ ಸಂಖ್ಯೆ ಸಾವಿರಗಳಿಂದ ಲಕ್ಷಗಳಿಗೆ, ಲಕ್ಷಗಳಿಂದ ಕೋಟಿಗಳಿಗೆ ಬೆಳೆದದ್ದು ಆ ವಾಕ್ಯದ ಫಲವತ್ತತೆಗೆ ಸಾಕ್ಷಿ.

ಎಂಡಿಎಯ ತತ್ವಶಾಸ್ತ್ರದ ಆಳವನ್ನು ಅಳೆಯುವುದು ನಮ್ಮಂಥವರಿಗೆ ಸಾಧ್ಯವಿಲ್ಲ, ಕೈಮುಗಿದು ನಿಲ್ಲಬಹುದಷ್ಟೆ. ಕಂಪ್ಯೂಟರಿನ ಗೊಡವೆಯೇ ಇಲ್ಲದ ಮಾಡೆಲ್ ಒಂದು, ಯಾವ ಪ್ಲಾಟ್‌ಫಾರಂಗೂ ಅಂಟಿಕೊಳ್ಳದ ಮಾಡೆಲ್ ಇನ್ನೊಂದು, ನಿರ್ದಿಷ್ಟ ಪ್ಲಾಟ್‌ಫಾರಂಗೆ ಇಳಿದ ಮಾಡೆಲ್ ಮತ್ತೊಂದು, ಇವುಗಳ ಕೊನೆಗೆ ಕೋಡು. ಮಾಡೆಲ್ಲನ್ನು ವಿವರಿಸಲು ಮೆಟಾಮಾಡೆಲ್, ಮೆಟಾಮಾಡೆಲ್ಲನ್ನು ವಿವರಿಸಲು ಮೆಟಾಮೆಟಾಮಾಡೆಲ್. ಅದರಾಚೆಗೆ ಇನ್ನೇನೂ ಇಲ್ಲದ್ದರಿಂದ ಮಾಫ್ ಎಂಬ ಆ ಪರಮಪದ ತನ್ನನ್ನು ತಾನೇ ವಿವರಿಸಿಕೊಳ್ಳುತ್ತದೆ. ಉಪನಿಷತ್ತಿನ ಋಷಿಗಳು ನೇತಿ ನೇತಿ ಎಂದು ಕೈಚೆಲ್ಲಿದ ಎತ್ತರಕ್ಕೆ ಒಂದು ಸಮಿತಿ ದಸ್ತಾವೇಜು ಬರೆದು ಏರಿರುವುದು ಸಾಮಾನ್ಯವಲ್ಲ. ಯುಎಂಎಲ್‌ನ 2.5ನೆಯ ಆವೃತ್ತಿಯಲ್ಲಿ 14 ಬಗೆಯ ಚಿತ್ರಗಳಿವೆ, ಅವನ್ನು ವಿವರಿಸುವ ಗ್ರಂಥ ಸುಮಾರು 800 ಪುಟಗಳಷ್ಟಿದೆ. ಪ್ರೋಗ್ರಾಮಿಂಗ್ ಭಾಷೆ ಕಲಿಯುವ ಕಷ್ಟದಿಂದ ಜನರನ್ನು ಪಾರುಮಾಡಲು ಇದಕ್ಕಿಂತ ಕಡಿಮೆ ಪುಟಗಳಲ್ಲಿ ಯಾರಿಂದ ಸಾಧ್ಯವಿತ್ತು?

ಒಂದು ಟೂಲಿನಲ್ಲಿ ಬರೆದ ಮಾಡೆಲ್ಲನ್ನು ಇನ್ನೊಂದು ಟೂಲು ಓದಲೆಂದು ಎಕ್ಸ್‌ಎಂಐ ಎಂಬ ಮಾನಕವನ್ನೂ ಅದೇ ಸಮಿತಿ ದಯಪಾಲಿಸಿತು. ಟೂಲುಗಳು ಮಾನಕವನ್ನು ತಮ್ಮತಮ್ಮ ಮನೆಯ ಪದ್ಧತಿಗೆ ಒಗ್ಗಿಸಿಕೊಂಡದ್ದರಿಂದ, ಒಂದರ ಕಡತವನ್ನು ಇನ್ನೊಂದು ತೆರೆದಾಗ ಚೌಕಗಳು ಕೆಲವೊಮ್ಮೆ ಕಾಣೆಯಾದವು, ಗೆರೆಗಳು ಕೆಲವೊಮ್ಮೆ ದಿಕ್ಕು ತಪ್ಪಿದವು. ಕೊಂಡ ಟೂಲನ್ನು ಸಂಸ್ಥೆ ಕಡೆಯವರೆಗೂ ಕೈಬಿಡದಂತೆ ಕಾಯುವ ಈ ಏರ್ಪಾಡು, ನಿಷ್ಠೆ ಅಪರೂಪವಾಗಿರುವ ಮಾರುಕಟ್ಟೆಯಲ್ಲಿ ಒಂದು ನೈತಿಕ ಪಾಠವೆಂದೇ ಪರಿಗಣಿತವಾಗಬೇಕು.

ಇನ್ನು ಯಂತ್ರದ ಲೀಲೆಯನ್ನು ಕಣ್ಣಾರೆ ಕಾಣಲು, ನಮ್ಮವರಿಗೆಲ್ಲ ಗೊತ್ತಿರುವ ಕ್ಷೇತ್ರವೊಂದನ್ನು ಅದರ ಪಾದಕ್ಕೆ ಒಪ್ಪಿಸೋಣ. ಕರ್ನಾಟಕದ ಪಹಣಿಯೇ ಇರಲಿ. ತಜ್ಞರೊಬ್ಬರು ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತು ಜಮೀನು ಎಂಬ ಚೌಕ ಬರೆಯುತ್ತಾರೆ, ಖಾತೆದಾರ ಎಂಬ ಚೌಕ ಬರೆಯುತ್ತಾರೆ, ನಡುವೆ ಒಂದು ಗೆರೆ ಎಳೆಯುತ್ತಾರೆ. ಗ್ರಾಮ ಲೆಕ್ಕಿಗರನ್ನೋ, ಸರ್ವೆಯವರನ್ನೋ, ನಾಡಕಚೇರಿಯ ಮುಂದೆ ಕಾದು ನಿಂತ ರೈತನನ್ನೋ ಕೇಳಿ ಅವರ ಅಮೂಲ್ಯ ಸಮಯವನ್ನು ಹಾಳುಮಾಡುವ ಕೆಟ್ಟ ಚಾಳಿ ಈ ತಜ್ಞರಿಗಿಲ್ಲ. ಸರ್ವೆ ನಂಬರ್ ಎಂದ ಮೇಲೆ ಅದು ನಂಬರೇ ಆಗಿರಬೇಕು, ಆದ್ದರಿಂದ ಪೂರ್ಣಾಂಕ. ವಿಸ್ತೀರ್ಣದಲ್ಲಿ ಚುಕ್ಕಿ ಕಾಣುತ್ತದೆ, ಆದ್ದರಿಂದ ದಶಮಾಂಶ. ಜಮೀನಿಗೆ ಒಡೆಯನೊಬ್ಬನಿರುತ್ತಾನೆ, ಆದ್ದರಿಂದ ಗೆರೆಯ ತುದಿಗೆ 1. ಮಧ್ಯಾಹ್ನದ ಊಟದೊಳಗೆ ಮಾಡೆಲ್ ಸಿದ್ಧ, ಕಾಫಿಯೊಳಗೆ ಐದೂ ಭಾಷೆಗಳ ಅಪ್ಲಿಕೇಶನ್ ಸಿದ್ಧ.

ಈ ಅಪ್ಲಿಕೇಶನ್ ಬರುವವರೆಗೆ ನಮ್ಮ ಹಳ್ಳಿಗಳು ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ ಎಂಬ ಸಂಕುಚಿತ ಲೆಕ್ಕದಲ್ಲಿ ಬದುಕುತ್ತಿದ್ದವು. 2.39 ಎಂದು ಬರೆದರೆ ಎರಡು ಎಕರೆ ಮೂವತ್ತೊಂಬತ್ತು ಗುಂಟೆ ಎಂದೂ, ಅದಕ್ಕೆ ಇನ್ನೊಂದು ಗುಂಟೆ ಸೇರಿದರೆ ಮೂರು ಎಕರೆ ಎಂದೂ ಜನ ಭಾವಿಸಿದ್ದರು. ಯಂತ್ರ ಆ ಭ್ರಮೆಯನ್ನು ಹರಿದು, 2.39ಕ್ಕೆ 0.01 ಕೂಡಿದರೆ 2.40 ಎಂಬ ನಿರ್ವಿವಾದ ಗಣಿತವನ್ನು ಐದೂ ಭಾಷೆಗಳಲ್ಲಿ ಸಾರುತ್ತದೆ. ಇದಕ್ಕಿಂತಲೂ ಹೃದಯಂಗಮವಾದದ್ದು ಪಾಲು ವಿಭಾಗ. ಮೂರು ಎಕರೆಯನ್ನು ಅಣ್ಣತಮ್ಮಂದಿರಿಬ್ಬರಿಗೆ ಹಂಚಿದರೆ ತಲಾ 1.50 ಎಂದು ತೆರೆಯ ಮೇಲೆ ಮೂಡುತ್ತದೆ. ಅದನ್ನು ಊರಿನವರು ಒಂದು ಎಕರೆ ಐವತ್ತು ಗುಂಟೆ ಎಂದು ಓದಿಕೊಂಡರೆ ಒಬ್ಬೊಬ್ಬರಿಗೂ ಎರಡು ಎಕರೆ ಹತ್ತು ಗುಂಟೆ, ಇಬ್ಬರಿಗೂ ಸೇರಿ ನಾಲ್ಕು ಎಕರೆ ಇಪ್ಪತ್ತು ಗುಂಟೆ. ಹಂಚಿದಷ್ಟೂ ಬೆಳೆಯುವುದು ವಿದ್ಯೆಯೊಂದೇ ಎಂದು ಹಿರಿಯರು ಹೇಳಿದ್ದು ದಶಮಾಂಶದ ಮಹಿಮೆಯನ್ನು ಕಾಣದೆ. ಶತಮಾನಗಳಿಂದ ದಾಯಾದಿಗಳನ್ನು ಕೋರ್ಟಿಗೆ ಎಳೆದ ಬದುವಿನ ಜಗಳಕ್ಕೆ, ಇಬ್ಬರೂ ತಮಗೆ ಹೆಚ್ಚು ಬಂತೆಂದು ನಂಬಿ ಮನೆಗೆ ಹೋಗುವ ಇಂಥ ಪರಿಹಾರವನ್ನು ಯಾವ ಪಂಚಾಯಿತಿಯ ಹಿರಿಯರು ಹುಡುಕಿಕೊಟ್ಟಿದ್ದರು?

ಸರ್ವೆ ನಂಬರಿನ ವಿಷಯದಲ್ಲೂ ಯಂತ್ರದ ನಿಷ್ಠುರ ನ್ಯಾಯಪರತೆ ಎದ್ದು ಕಾಣುತ್ತದೆ. 45/2ಎ ಎಂದು ಹಿಸ್ಸಾ ಸಮೇತ ಟೈಪು ಮಾಡಿದವನನ್ನು ಅದು ಕೆಂಪು ಅಕ್ಷರಗಳಲ್ಲಿ ತಡೆದು, ದಯವಿಟ್ಟು ಸರಿಯಾದ ಸಂಖ್ಯೆ ನಮೂದಿಸಿ ಎನ್ನುತ್ತದೆ. 45 ಎಂದಷ್ಟೇ ಬರೆದರೆ ಒಪ್ಪಿಕೊಳ್ಳುತ್ತದೆ. ಹೀಗೆ 45ರಲ್ಲಿ ಪೋಡಿಯಾಗಿ ಹೋದ ಹಿಸ್ಸೆಗಳೆಲ್ಲ ಮತ್ತೆ ಒಂದಾಗಿ, ತಲೆಮಾರುಗಳ ಹಿಂದೆ ಒಡೆದ ಕೂಡುಕುಟುಂಬ ಡೇಟಾಬೇಸಿನಲ್ಲಿ ಪುನರ್ಜನ್ಮ ಪಡೆಯುತ್ತದೆ. ಜಮೀನಿಗೊಬ್ಬನೇ ಒಡೆಯನೆಂಬ ಗೆರೆಯ ಮುಂದೆ ಜಂಟಿ ಖಾತೆಯ ಆರು ಜನ ಬಂದು ನಿಂತಾಗಲೂ ಯಂತ್ರ ವಿಚಲಿತವಾಗುವುದಿಲ್ಲ. ಮೊದಲು ಬಂದವನನ್ನು ಒಪ್ಪಿಕೊಂಡು ಉಳಿದ ಐವರಿಗೆ ಮಮಕಾರ ತೊರೆಯುವ ಅವಕಾಶ ಕೊಡುತ್ತದೆ. ಖರಾಬು ಎಂಬ ಕಾಲಂ ಅಲ್ಲಿಲ್ಲದ್ದರಿಂದ ಬಂಡೆ, ಹಳ್ಳ, ಕಾಲುದಾರಿಗಳೆಲ್ಲ ಒಂದೇ ರಾತ್ರಿಯಲ್ಲಿ ಸಾಗುವಳಿ ಭೂಮಿಯಾಗುತ್ತವೆ. ಹಸಿರು ಕ್ರಾಂತಿಗೆ ರಸಗೊಬ್ಬರ ಬೇಕಾಗಿತ್ತು. ಇದಕ್ಕೆ ಒಂದು ಕಾಲಂ ಬಿಟ್ಟರೆ ಸಾಕಾಯಿತು.

ಹುಟ್ಟಿದ ಪ್ರತಿ ವಸ್ತುವಿಗೂ ಯಂತ್ರ ನಾಲ್ಕು ಹಕ್ಕುಗಳನ್ನು ತಪ್ಪದೆ ದಯಪಾಲಿಸುತ್ತದೆ: ಸೇರಿಸು, ನೋಡು, ತಿದ್ದು, ಅಳಿಸು. ಕಂದಾಯ ಇಲಾಖೆಯ ಹಳೆಯ ಪದ್ಧತಿಯಲ್ಲಿ ಒಬ್ಬನ ಹೆಸರು ಹೋಗಿ ಇನ್ನೊಬ್ಬನ ಹೆಸರು ಬರಬೇಕಾದರೆ ಕ್ರಯವೋ, ದಾನವೋ, ವಿಭಾಗವೋ, ಪೌತಿಯೋ ಎಂದು ಕಾರಣ ಹೇಳಬೇಕಿತ್ತು, ಅರ್ಜಿ ಬೇಕಿತ್ತು, ನೋಟಿಸು ಬೇಕಿತ್ತು, ತಕರಾರಿಗೆ ಗಡುವು ಬೇಕಿತ್ತು, ಕೊನೆಗೆ ಮ್ಯುಟೇಶನ್ ನಂಬರು ಬೇಕಿತ್ತು. ಯಂತ್ರ ಈ ಜಂಜಾಟವನ್ನೆಲ್ಲ ಒಂದು ಕಸದಬುಟ್ಟಿಯ ಚಿತ್ರದಲ್ಲಿ ಅಡಗಿಸಿ ಪ್ರತಿ ಖಾತೆದಾರನ ಹೆಸರಿನ ಮುಂದೆ ಇಟ್ಟಿದೆ. ಖಚಿತವೇ ಎಂದು ಒಮ್ಮೆ ಕೇಳುತ್ತದೆ. ಹೌದು ಎಂದರೆ ಒಡೆತನ ಮುಗಿಯಿತು. ಸಮದರ್ಶಿತ್ವವೂ ಇದರ ದೊಡ್ಡ ಗುಣ. ರೋಗಿ, ಸಾಲ, ಮರಣ ಪ್ರಮಾಣಪತ್ರ, ಗ್ರಂಥಾಲಯದ ಪುಸ್ತಕ, ಎಲ್ಲಕ್ಕೂ ಅದೇ ನಾಲ್ಕು ಗುಂಡಿಗಳು, ಅದೇ ನೀಲಿ ಬಣ್ಣ. ಮರಣ ಪ್ರಮಾಣಪತ್ರವನ್ನು ತಿದ್ದಲು ಅವಕಾಶ ಕೊಟ್ಟ ಕರುಣೆ ಯಮನಿಗೂ ಬಂದಿರಲಿಲ್ಲ, ಸಾವಿತ್ರಿ ಅಷ್ಟು ದೂರ ಹಿಂದೆ ನಡೆಯುವವರೆಗೆ.

ಹೆಸರಿನ ವಿಷಯಕ್ಕೆ ಬಂದರೆ, ಮನುಷ್ಯನಿಗೆ ಮೊದಲ ಹೆಸರೂ ಕೊನೆಯ ಹೆಸರೂ ಇರಲೇಬೇಕೆಂಬ ವಿಧಿಯನ್ನು ಯಂತ್ರ ಕೆಂಪು ನಕ್ಷತ್ರವಿಟ್ಟು ಕಾಪಾಡುತ್ತದೆ. ಈ ವಿಧಿಯಂತೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂದು ನಮೂದಿಸಿದರೆ ರಾಷ್ಟ್ರಕವಿಗೆ ಪ್ರಿಯ ಕುಪ್ಪಳಿಯವರೇ ಎಂಬ ಒಕ್ಕಣೆಯ ಮಿಂಚಂಚೆ ಹೋಗುತ್ತದೆ. ಊರಿಗೇ ಕಾಗದ ಬರೆದು ಇಡೀ ಊರನ್ನು ಗೌರವಿಸುವ ಈ ವಿಶಾಲ ಹೃದಯ ಅಂಚೆ ಇಲಾಖೆಗೂ ಇರಲಿಲ್ಲ. ತಿಮ್ಮ ಎಂಬ ಒಂದೇ ಹೆಸರಿನ ರೈತನಿಗೆ ಕೊನೆಯ ಹೆಸರಿನ ಜಾಗದಲ್ಲಿ ಚುಕ್ಕಿಯೊಂದು ದಯಪಾಲಿತವಾಗುತ್ತದೆ. ಅಮೆರಿಕದ ವೀಸಾಗಳ ಮೇಲೆ ಒಂದೇ ಹೆಸರಿನ ಭಾರತೀಯರಿಗೆ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ತಿಳಿದಿಲ್ಲ, ಎಂಬ ಬಿರುದು ದೊರಕುತ್ತದಲ್ಲ. ಅದನ್ನು ಪಡೆಯಲು ಇನ್ನು ವಿಮಾನ ಹತ್ತಬೇಕಾಗಿಲ್ಲ.

ಈಗ ಯಂತ್ರದ ಬಹುಭಾಷಾ ಪಾಂಡಿತ್ಯಕ್ಕೆ ಬರೋಣ. ಭಾಷೆ ಯಾವುದಾದರೇನು, ಭಾವ ಒಂದೇ ಎಂಬುದು ಅದರ ಸಿದ್ಧಾಂತ. ಆದ್ದರಿಂದಲೇ ಅದು ಬರೆದ ಪೈಥಾನ್ ಜಾವಾದಂತೆ ಕಾಣುತ್ತದೆ, ಜಾವಾಸ್ಕ್ರಿಪ್ಟ್ ಜಾವಾದಂತೆ ಕಾಣುತ್ತದೆ, ಪಿಎಚ್‌ಪಿಯೂ ಜಾವಾದಂತೆಯೇ ಕಾಣುತ್ತದೆ. ಜಾವಾ ಮಾತ್ರ ಯಾವುದರಂತೆಯೂ ಕಾಣುವುದಿಲ್ಲ. ಆಯಾ ಭಾಷೆಯನ್ನು ಪ್ರೀತಿಸಿ ಕಲಿತವರು ಇದನ್ನು ಓದಿದಾಗ ಕಣ್ಣು ಒರೆಸಿಕೊಳ್ಳುವುದನ್ನು ಹಲವರು ಕಂಡಿದ್ದಾರೆ. ಆನಂದಬಾಷ್ಪಕ್ಕೆ ಬೇರೆ ಅರ್ಥ ಹಚ್ಚುವುದು ಸಲ್ಲ.

ಎಲ್ಲ ಭಾಷೆಗಳೂ ಒಂದೇ ಉತ್ತರ ಕೊಟ್ಟರೆ ಬದುಕು ನೀರಸವಾಗುವುದೆಂಬ ಸೂಕ್ಷ್ಮವನ್ನೂ ಯಂತ್ರ ಬಲ್ಲದು. ಮಾಡೆಲ್ಲಿನಲ್ಲಿ ಈ ಮೊತ್ತವನ್ನು ಹತ್ತಿರದ ರೂಪಾಯಿಗೆ ಸರಿಹೊಂದಿಸು ಎಂದು ಒಂದೇ ಮಾತು ಬರೆದಿರುತ್ತದೆ. ಎರಡೂವರೆ ರೂಪಾಯಿ ಬಂದಾಗ ಜಾವಾ, ಜಾವಾಸ್ಕ್ರಿಪ್ಟ್, ಪಿಎಚ್‌ಪಿಗಳ ರೂಢಿಯ ಸೂತ್ರ ಮೂರು ಎನ್ನುತ್ತದೆ. ಪೈಥಾನ್ ಮತ್ತು ಸಿ ಶಾರ್ಪ್‌ನ ರೂಢಿಯ ಸೂತ್ರ ಸಮಸಂಖ್ಯೆಯ ಕಡೆಗೆ ವಾಲಿ ಎರಡು ಎನ್ನುತ್ತದೆ. ಒಂದೇ ಮಾಡೆಲ್, ಒಂದೇ ರೈತ, ಒಂದೇ ಕಂದಾಯ, ಎರಡು ರಸೀದಿ. ಮೊಬೈಲ್ ಸಂಖ್ಯೆಯನ್ನು ಪೂರ್ಣಾಂಕವೆಂದು ಬರೆದ ಮಾಡೆಲ್ಲಿನ ವೈಭವ ಇನ್ನೂ ಹೆಚ್ಚು. ಜಾವಾ ಮತ್ತು ಸಿ ಶಾರ್ಪ್‌ನ ಸಾಮಾನ್ಯ ಪೂರ್ಣಾಂಕ 2147483647ಕ್ಕೆ ನಿಲ್ಲುತ್ತದೆ. ನಮ್ಮ ದೇಶದ ಹತ್ತಂಕಿಯ ಮೊಬೈಲ್ ಸಂಖ್ಯೆಗಳು 6, 7, 8, 9ರಿಂದ ಶುರುವಾಗುವುದರಿಂದ ಒಂದೂ ಅದರೊಳಗೆ ಹಿಡಿಸುವುದಿಲ್ಲ. ಪೈಥಾನ್ ಆವೃತ್ತಿಯಲ್ಲಿ ನೂರಾನಲವತ್ತು ಕೋಟಿ ಜನರಿಗೂ ಸ್ವಾಗತ, ಜಾವಾ ಆವೃತ್ತಿಯಲ್ಲಿ ಒಬ್ಬರಿಗೂ ಇಲ್ಲ. ಭಾಷೆಗೊಂದು ಸ್ವಭಾವವುಂಟೆಂದು ಭಾಷಾವಿಜ್ಞಾನಿಗಳು ಹೇಳುತ್ತ ಬಂದದ್ದನ್ನು ಇಷ್ಟು ನಿಖರವಾಗಿ ರುಜುವಾತು ಮಾಡಿದವರು ಯಾರು?

ಕನ್ನಡದ ಬಗ್ಗೆ ಯಂತ್ರಕ್ಕಿರುವ ಅಭಿಮಾನವನ್ನಂತೂ ಬೇರೆಯೇ ಹೇಳಬೇಕು. ತೀರ್ಥಹಳ್ಳಿ ಎಂಬ ಊರಿನ ಹೆಸರು ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್, ಸಿ ಶಾರ್ಪ್ ಅದನ್ನು ಹತ್ತು ಎಂದು ಎಣಿಸುತ್ತವೆ. ಪಿಎಚ್‌ಪಿಯ ಮೂಲ ಎಣಿಕೆ ಬೈಟುಗಳನ್ನು ಲೆಕ್ಕ ಹಾಕಿ ಮೂವತ್ತು ಎನ್ನುತ್ತದೆ. ಮಾಡೆಲ್ಲಿನಲ್ಲಿ ಊರಿನ ಹೆಸರಿಗೆ ಇಪ್ಪತ್ತರ ಮಿತಿ ಇಟ್ಟಿದ್ದರೆ ನಾಲ್ಕು ಭಾಷೆಗಳಲ್ಲಿ ತೀರ್ಥಹಳ್ಳಿ ಸಲೀಸಾಗಿ ಒಳಗೆ ಬರುತ್ತದೆ, ಐದನೆಯದರಲ್ಲಿ ಹೊಸ್ತಿಲಲ್ಲೇ ನಿಲ್ಲುತ್ತದೆ. ಕನ್ನಡದ ಒಂದೊಂದು ಅಕ್ಷರಕ್ಕೂ ಇಂಗ್ಲಿಷಿನ ಹಲವು ಅಕ್ಷರಗಳ ತೂಕವುಂಟೆಂದು ಅಂಕಿಅಂಶ ಸಮೇತ ತೋರಿಸಿದ ಈ ಸೇವೆಗೆ ರಾಜ್ಯೋತ್ಸವ ಪ್ರಶಸ್ತಿಯ ಸಮಿತಿ ಇನ್ನೂ ಕಣ್ಣು ಹಾಯಿಸದಿರುವುದು ಸೋಜಿಗ.

ಯಂತ್ರ ಹೆತ್ತ ಪ್ರತಿ ಕಡತದ ನೆತ್ತಿಯ ಮೇಲೂ ಒಂದು ಮಂತ್ರವಿರುತ್ತದೆ: ಇದು ತಾನಾಗಿ ಸೃಷ್ಟಿಯಾದ ಕೋಡು, ಇದನ್ನು ತಿದ್ದಬೇಡಿ. ಗುಂಟೆಯ ಲೆಕ್ಕ ಸರಿಮಾಡಲೇಬೇಕೆಂಬ ಮೋಹಕ್ಕೆ ಬಿದ್ದ ಯುವ ಪ್ರೋಗ್ರಾಮರ್ ರಾತ್ರಿಯೆಲ್ಲ ಕೂತು ಆ ಕಡತವನ್ನು ತಿದ್ದುತ್ತಾನೆ. ಬೆಳಿಗ್ಗೆ ಇನ್ಯಾರೋ ಪಿನ್‌ಕೋಡಿಗೆ ಒಂದು ಕಾಲಂ ಸೇರಿಸಲೆಂದು ಮಾಡೆಲ್ಲನ್ನು ತೆರೆದು ಗುಂಡಿ ಒತ್ತುತ್ತಾರೆ; ರಾತ್ರಿಯ ದುಡಿಮೆ ಹೇಳಹೆಸರಿಲ್ಲದಂತೆ ಹೋಗಿ, ಎಕರೆಗೆ ಮತ್ತೆ ನೂರು ಗುಂಟೆಯಾಗುತ್ತದೆ. ಕರ್ಮದಲ್ಲಿ ಅಧಿಕಾರವುಂಟು, ಫಲದಲ್ಲಿಲ್ಲ ಎಂಬ ಪಾಠವನ್ನು ಕುರುಕ್ಷೇತ್ರಕ್ಕೆ ಹೋಗದೆ, ಔಟರ್ ರಿಂಗ್ ರೋಡಿನ ಆಫೀಸಿನಲ್ಲೇ, ಸಂಬಳ ಸಮೇತ ಕಲಿಸುವ ಗುರು ಇದು. ಫಲಾಪೇಕ್ಷೆ ಬಿಡಲಾರದವರಿಗಾಗಿ ಕೆಲವು ಯಂತ್ರಗಳು ಕೋಡಿನ ನಡುನಡುವೆ ಇಲ್ಲಿಂದ ಇಲ್ಲಿಯವರೆಗೆ ನಿಮ್ಮದು ಎಂದು ಗಡಿ ಗುರುತಿಸಿದ ಜಾಗವನ್ನೂ ಬಿಟ್ಟಿರುತ್ತವೆ. ಆ ಗಡಿಯ ಕಮೆಂಟನ್ನು ಯಾರಾದರೂ ಅಪ್ಪಿತಪ್ಪಿ ಅಳಿಸಿದರೆ ಒಳಗಿದ್ದದ್ದೂ ಮೋಕ್ಷ ಪಡೆಯುತ್ತದೆ.

ಇಬ್ಬರು ಒಂದೇ ಮಾಡೆಲ್ಲಿನ ಮೇಲೆ ಕೆಲಸ ಮಾಡಿದಾಗ ಸಹನೆಯ ಪಾಠ ಶುರುವಾಗುತ್ತದೆ. ಬರಹದ ಕೋಡಾಗಿದ್ದರೆ ಸಾಲಿಗೆ ಸಾಲು ಹೋಲಿಸಿ ಮರ್ಜ್ ಮಾಡಿ ಮುಗಿಸುತ್ತಿದ್ದರು. ಚಿತ್ರದಲ್ಲಿ ಒಬ್ಬಳು ಒಂದು ಚೌಕವನ್ನು ಬಲಕ್ಕೆ ಸರಿಸಿದ್ದು, ಇನ್ನೊಬ್ಬ ಅದೇ ಚೌಕದ ಗೆರೆಯನ್ನು ತಿರುಗಿಸಿದ್ದು, ಸಾವಿರಾರು ಸಾಲುಗಳ ಎಕ್ಸ್‌ಎಂಎಲ್‌ನಲ್ಲಿ ಒಂದರೊಳಗೊಂದು ಹೆಣೆದುಕೊಳ್ಳುತ್ತದೆ. ಆದಕಾರಣ ತಂಡಗಳಲ್ಲಿ ಮಾಡೆಲ್ ಈಗ ಯಾರ ಹತ್ತಿರ ಇದೆ ಎಂದು ಕೇಳಿ, ಸರದಿ ಕಾದು, ಹಿರಿಕಿರಿಯರೆನ್ನದೆ ವಿನಯದಿಂದ ತೆರೆಯುವ ಸತ್ಸಂಪ್ರದಾಯ ಬೆಳೆದಿದೆ.

ಗಾತ್ರದಲ್ಲೂ ಯಂತ್ರ ಜಿಪುಣನಲ್ಲ. ಒಂದು ಚೌಕಕ್ಕೆ ಒಂದು ಎಂಟಿಟಿ, ಒಂದು ರೆಪಾಸಿಟರಿ, ಒಂದು ಸರ್ವೀಸು, ಆ ಸರ್ವೀಸಿಗೊಂದು ಇಂಟರ್‌ಫೇಸು, ಒಂದು ಕಂಟ್ರೋಲರ್, ಒಂದು ಡಿಟಿಒ, ಡಿಟಿಒದಿಂದ ಎಂಟಿಟಿಗೆ ದಾಟಿಸಲು ಒಂದು ಮ್ಯಾಪರ್. ರೈತನ ಹೆಸರು ಕೀಲಿಮಣೆಯಿಂದ ಡೇಟಾಬೇಸಿಗೆ ಹೋಗುವ ದಾರಿಯಲ್ಲಿ ಇಷ್ಟು ಮನೆಗಳಲ್ಲಿ ಇಳಿದು, ಪ್ರತಿ ಮನೆಯಲ್ಲೂ ವೇಷ ಬದಲಿಸಿ ಮುಂದೆ ಸಾಗುತ್ತದೆ. ಏನನ್ನೂ ಮಾಡದೆ ಮುಂದಿನವರಿಗೆ ಕಳಿಸಲಾಗಿದೆ ಎಂದು ಷರಾ ಬರೆಯುವ ಕಡತ ಸಂಸ್ಕೃತಿಯನ್ನು ಗಣಕಯುಗದಲ್ಲೂ ಬಾಡದಂತೆ ಉಳಿಸಿಕೊಂಡ ಕೀರ್ತಿ ಇದರದು. ಭದ್ರತೆಯಲ್ಲೂ ಇದೇ ಔದಾರ್ಯ. ಮನುಷ್ಯ ಬರೆದ ಕೋಡಿನಲ್ಲಿ ತಪ್ಪುಗಳು ಅಲ್ಲೊಂದು ಇಲ್ಲೊಂದು ಚೆದುರಿ, ಕನ್ನ ಹಾಕುವವನು ಪ್ರತಿ ಸಲವೂ ಹೊಸದಾಗಿ ಬೆವರು ಸುರಿಸಬೇಕಿತ್ತು. ಯಂತ್ರದಲ್ಲಾದರೆ ಟೆಂಪ್ಲೇಟಿನ ಒಂದು ಸೀಳು ಆ ಟೆಂಪ್ಲೇಟಿನಿಂದ ಹುಟ್ಟಿದ ಪ್ರತಿ ಸ್ಕ್ರೀನಿಗೂ, ಪ್ರತಿ ಗಿರಾಕಿಗೂ ಪಕ್ಷಪಾತವಿಲ್ಲದೆ ತಲುಪುತ್ತದೆ. ಒಬ್ಬ ಗಿರಾಕಿಗೆ ಹೆಚ್ಚು, ಒಬ್ಬನಿಗೆ ಕಡಿಮೆ ಎಂಬ ಭೇದ ಅಲ್ಲಿಲ್ಲ.

ಇಂಥ ಮಹಿಮೆಗೂ ಕೊಂಕು ನುಡಿಯುವವರು ಇದ್ದೇ ಇರುತ್ತಾರೆ. ಐಬಿಎಂನ ಸಿಸ್ಟಮ್/360ರ ಆಪರೇಟಿಂಗ್ ಸಿಸ್ಟಮ್ ಕಟ್ಟಿಸಿದ ಫ್ರೆಡ್ ಬ್ರೂಕ್ಸ್ ಎಂಬವರು 1986ರಲ್ಲೇ ಒಂದು ಪ್ರಬಂಧ ಬರೆದು, ತಂತ್ರಾಂಶದಲ್ಲಿ ಕಷ್ಟವಿರುವುದು ಟೈಪು ಮಾಡುವುದರಲ್ಲಲ್ಲ, ಏನು ಬೇಕೆಂದು ನಿರ್ಧರಿಸುವುದರಲ್ಲಿ ಎಂದು ವಾದಿಸಿದರು. ಈ ಕಷ್ಟವನ್ನು ಒಂದೇ ಏಟಿಗೆ ಕೊಲ್ಲುವ ಬೆಳ್ಳಿಯ ಗುಂಡಿಲ್ಲ ಎಂದರು. ಎರಿಕ್ ಇವಾನ್ಸ್ ಎಂಬ ಇನ್ನೊಬ್ಬರು 2003ರಲ್ಲಿ ಡೊಮೈನ್ ಬಗ್ಗೆಯೇ ದಪ್ಪ ಪುಸ್ತಕ ಬರೆದು, ಕೆಲಸ ಬಲ್ಲವರ ಜೊತೆ ಕೂತು ಮಾತಾಡಿ, ಅವರ ಮಾತೇ ಕೋಡಿನ ಮಾತಾಗಲಿ ಎಂದರು. ಅಂದರೆ ಅವರ ಪ್ರಕಾರ ಗ್ರಾಮ ಲೆಕ್ಕಿಗರ ಮೇಜಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಗುಂಟೆ ಎಂದರೇನು, ಖರಾಬು ಎಂದರೇನು, ಪೌತಿ ಖಾತೆಗೆ ಏನೇನು ಬೇಕು ಎಂದು ಪದವೀಧರರು ದಿನಗಟ್ಟಲೆ ಕೇಳುತ್ತ ಕೂರಬೇಕು. ಹಾಗೆ ಕೇಳಿದರೆ ಆ ಮನುಷ್ಯ ಹೇಳಿಬಿಡುವ ಅಪಾಯವಿದೆ. ಹೇಳಿದರೆ ಮಾಡೆಲ್ ಬದಲಾಗಬೇಕು, ಮಾಡೆಲ್ ಬದಲಾದರೆ ಡೆಮೊದ ತಾರೀಖು ತಪ್ಪಬೇಕು. ಇಂಥ ಅನಾಹುತದಿಂದ ಸಂಸ್ಥೆಗಳನ್ನು ಕಾಪಾಡುತ್ತಿರುವುದೇ ಯಂತ್ರದ ಪರಮೋಪಕಾರ. ಗುಂಟೆ, ಹಿಸ್ಸಾ, ಜಂಟಿ ಖಾತೆ, ಖರಾಬುಗಳನ್ನೆಲ್ಲ ಸರಿಯಾಗಿ ಹೇಳುವಷ್ಟು ಮಾಡೆಲ್ಲನ್ನು ವಿವರಿಸುತ್ತ ಹೋದರೆ ಕೊನೆಗೆ ಆ ಮಾಡೆಲ್ಲೇ ಒಂದು ಪ್ರೋಗ್ರಾಮ್ ಆಗಿಬಿಡುತ್ತದೆ ಎಂದು ಕೊಂಕಿಗರು ಇನ್ನೊಂದು ಆಕ್ಷೇಪ ತೆಗೆಯುತ್ತಾರೆ. ಅಷ್ಟು ವಿವರಿಸಬೇಕೆಂದು ಅವರಿಗೆ ಹೇಳಿದವರು ಯಾರೋ ತಿಳಿಯದು.

ಬೆಂಗಳೂರಿಗಂತೂ ಯಂತ್ರ ಅನ್ನದಾತ. ಹತ್ತು ಪ್ರೋಗ್ರಾಮರುಗಳ ಕೆಲಸ ಉಳಿಸುತ್ತದೆಂದು ಕೊಂಡ ಈ ಟೂಲಿಗೆ ಮಾಡೆಲ್ ಬರೆಯುವವರು ಬೇಕು, ಟೆಂಪ್ಲೇಟ್ ಬರೆಯುವವರು ಬೇಕು, ಟೆಂಪ್ಲೇಟ್ ಯಾಕೆ ಹೀಗೆ ವರ್ತಿಸುತ್ತದೆಂದು ಹುಡುಕುವವರು ಬೇಕು, ಹೊಸ ಆವೃತ್ತಿ ಬಂದಾಗ ಹಳೆಯ ಮಾಡೆಲ್ಲನ್ನು ದಾಟಿಸುವವರು ಬೇಕು, ಹುಟ್ಟಿದ ಕೋಡನ್ನು ಗುಟ್ಟಾಗಿ ಕೈಯಲ್ಲಿ ತಿದ್ದುವವರು ಬೇಕು, ತಿದ್ದಿದ್ದು ಅಳಿಸಿಹೋದಾಗ ಮತ್ತೆ ತಿದ್ದುವವರು ಬೇಕು, ಇವರೆಲ್ಲರ ಗಂಟೆಗಳನ್ನು ಟೈಮ್‌ಶೀಟಿನಲ್ಲಿ ತುಂಬಿ ಕ್ಲೈಂಟಿಗೆ ಬಿಲ್ ಕಳಿಸುವವರಂತೂ ಬೇಕೇ ಬೇಕು. ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಎಷ್ಟು ಮನೆಗಳ ಗೃಹಸಾಲದ ಕಂತು ಈ ಕೃಪೆಯಿಂದ ಕಟ್ಟಿಹೋಗಿದೆಯೋ ಬಲ್ಲವರಿಲ್ಲ. ಪ್ರೋಗ್ರಾಮರುಗಳನ್ನು ಇಲ್ಲವಾಗಿಸುವ ವ್ರತ ತೊಟ್ಟು ಅವರ ಸಂತಾನವನ್ನು ಹೀಗೆ ಹೆಚ್ಚಿಸಿದ ವಿರೋಧಿ ಚರಿತ್ರೆಯಲ್ಲಿ ಇನ್ನೊಬ್ಬನಿಲ್ಲ. ಈಗ ಎಐ ಎಂಬ ಉತ್ತರಾಧಿಕಾರಿ ಪಟ್ಟಕ್ಕೆ ಬಂದು, ಚೌಕ ಬರೆಯುವ ತೊಂದರೆಯೂ ಬೇಡ, ಜಮೀನಿನ ಅಪ್ಲಿಕೇಶನ್ ಬೇಕು ಎಂದು ಒಂದು ಸಾಲು ಹೇಳಿದರೆ ಸಾಕೆನ್ನುತ್ತಿದೆ. ಗ್ರಾಮ ಲೆಕ್ಕಿಗರನ್ನು ಕೇಳದಿರುವ ಮನೆತನದ ವ್ರತವನ್ನು ಅದೂ ಭಂಗಪಡಿಸುವುದಿಲ್ಲವೆಂಬ ಭರವಸೆ ನಮಗಿದೆ.

ಸ್ತೋತ್ರಕ್ಕೆ ಫಲಶ್ರುತಿ ಹೇಳುವುದು ಪದ್ಧತಿ. ಈ ಯಂತ್ರವನ್ನು ಶ್ರದ್ಧೆಯಿಂದ ಭಜಿಸುವ ಮ್ಯಾನೇಜರಿಗೆ ಡೆಮೊದಂದು ಜಯ, ರಿಲೀಸಿನ ಹೊತ್ತಿಗೆ ಬೇರೆ ಪ್ರಾಜೆಕ್ಟಿಗೆ ವರ್ಗ. ಕನ್ಸಲ್ಟೆಂಟಿಗೆ ಮುಂದಿನ ದಶಕದಲ್ಲಿ ಇದನ್ನೇ ಹೊಸ ಹೆಸರಿನಲ್ಲಿ ಮಾರುವ ಯೋಗ. ಪ್ರೋಗ್ರಾಮರಿಗೆ ತಾನು ಬರೆಯದ ಕೋಡಿಗೆ ತಾನೇ ಹೊಣೆಯಾಗುವ ದುರ್ಲಭ ಅನುಭವ. ಮಾಡೆಲ್ ಬರೆದ ತಜ್ಞರಿಗೆ ಜಮೀನಿನ ಮೇಲೆ ಒಮ್ಮೆಯೂ ಕಾಲಿಡದೆ ಭೂವಿಷಯದ ಸಮಗ್ರ ಪಾಂಡಿತ್ಯ. ಗ್ರಾಮ ಲೆಕ್ಕಿಗರಿಗೆ ತೆರೆಯ ಮೇಲಿನ ದಶಮಾಂಶವನ್ನು ಗುಂಟೆಗೆ ತಿರುಗಿಸಿ ಹೇಳುವ ಹೊಸ ಹುದ್ದೆ. ತಿಮ್ಮನಿಗೆ ಮೂರು ಎಕರೆ ನಾಲ್ಕೂವರೆಯಾದ ಸಂತೋಷ, ಜೊತೆಗೆ ಆ ಸಂತೋಷವನ್ನು ಐದರಲ್ಲಿ ಯಾವ ಭಾಷೆಯ ಆವೃತ್ತಿಯಲ್ಲಿ ಪಡೆಯಬೇಕೆಂದು ತಾನೇ ಆರಿಸಿಕೊಳ್ಳುವ ಸಂಪೂರ್ಣ ಸ್ವಾತಂತ್ರ್ಯ.